ಜುಲೈನ ಅಧ್ಯಕ್ಷರು, ಮೇ ತಿಂಗಳ ಮಕ್ಕಳು

ತಾಲ್ಲೂಕು ಕೇಂದ್ರಗಳಲ್ಲಿ ಜುಲೈ ಎಂದರೆ ಪದಗ್ರಹಣದ ತಿಂಗಳು. ರೋಟರಿ, ಲಯನ್ಸ್, ಇನ್ನರ್ ವೀಲ್ ಮೂರಕ್ಕೂ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಮರುವರ್ಷದ ಜೂನ್ 30ಕ್ಕೆ. ಕಲ್ಯಾಣ ಮಂಟಪದ ವೇದಿಕೆಯಲ್ಲಿ ಹಳೆಯ ಅಧ್ಯಕ್ಷರು ತಮ್ಮ ಕೊರಳಿನ ಕಾಲರ್ ತೆಗೆದು ಹೊಸಬರಿಗೆ ತೊಡಿಸುತ್ತಾರೆ, ಹೊಸ ಸದಸ್ಯರ ಕೋಟಿಗೆ ಪಿನ್ ಸಿಕ್ಕಿಸುತ್ತಾರೆ, ಹೊಸ ಅಧ್ಯಕ್ಷರು ವರ್ಷದ ಯೋಜನೆಗಳನ್ನು ಓದುತ್ತಾರೆ, ಆಮೇಲೆ ಊಟ. ಓದಿದ ಪಟ್ಟಿಯಲ್ಲಿ ಬೇರೆ ಏನಿರಲಿ ಬಿಡಲಿ, ಒಂದು ಸಾಲು ಮಾತ್ರ ತಪ್ಪುವುದಿಲ್ಲ: ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ನೋಟ್‌ಬುಕ್ ವಿತರಣೆ.

ಅಷ್ಟು ಹೊತ್ತಿಗೆ ಶಾಲೆ ತೆರೆದು ತಿಂಗಳು ಮೀರಿರುತ್ತದೆ. ದಾನಿಗಳು ಸಿಕ್ಕಿ, ಮುಖಪುಟದ ಮೇಲೆ ಕ್ಲಬ್ಬಿನ ಲಾಂಛನ, ಪದಾಧಿಕಾರಿಗಳ ಫೋಟೊ ಅಚ್ಚಾಗಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರ ಬಿಡುವು ನೋಡಿಕೊಂಡು ಪುಸ್ತಕ ಮಕ್ಕಳ ಕೈಸೇರುವಾಗ ಸ್ವಾತಂತ್ರ್ಯ ದಿನದ ಆಸುಪಾಸು. ಮಕ್ಕಳು ಆಗಲೇ ಅಂಗಡಿಯಿಂದ ಕೊಂಡ ಪುಸ್ತಕದಲ್ಲಿ ನಾಲ್ಕು ಪಾಠ ಬರೆದಿರುತ್ತಾರೆ. ನೋಟ್‌ಬುಕ್ಕನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಪಠ್ಯಪುಸ್ತಕ, ಹಾಲು, ಹತ್ತನೇ ತರಗತಿವರೆಗೆ ಮಧ್ಯಾಹ್ನದ ಊಟ ಸರ್ಕಾರದಿಂದ ಸಿಗುತ್ತದೆ, ನಿಜ. ಆದರೂ ಮೂವರು ಮಕ್ಕಳಿರುವ ಕೂಲಿಯವರ ಮನೆಗೆ ಪುಸ್ತಕ, ಪೆನ್ನು, ಕಂಪಾಸ್ ಬಾಕ್ಸು, ಚಪ್ಪಲಿ ಎಂದು ಜೂನ್ ತಿಂಗಳು ಭಾರವೇ. ನನ್ನ ತಕರಾರು ಇಷ್ಟೇ: ನೋಟ್‌ಬುಕ್ಕನ್ನು ಶಾಸಕರೂ ಕೊಡಬಲ್ಲರು, ಸಹಕಾರಿ ಬ್ಯಾಂಕೂ ಕೊಡಬಲ್ಲದು, ಊರಿನ ಚಿನ್ನದಂಗಡಿಯೂ ಕೊಡಬಲ್ಲದು. ಸೇವಾ ಕ್ಲಬ್ಬೊಂದೇ ಕೊಡಬಹುದಾದ್ದು ಬೇರೆ ಇದೆ. ಅದು ಕ್ಲಬ್ಬಿನ ಸದಸ್ಯರ ಪಟ್ಟಿಯಲ್ಲೇ ಇದೆ.

ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಮಕ್ಕಳ ಡಾಕ್ಟರು, ಆಡಿಟರು, ಪ್ರಿಂಟಿಂಗ್ ಪ್ರೆಸ್ಸಿನವರು, ಔಷಧಿ ಅಂಗಡಿಯವರು, ಸಿವಿಲ್ ಎಂಜಿನಿಯರು, ಅಡಿಕೆ ಮಂಡಿಯವರು, ವಕೀಲರು, ಲ್ಯಾಬ್ ಇಟ್ಟವರು, ಟ್ರ್ಯಾಕ್ಟರ್ ಶೋರೂಮಿನವರು. ಹೀಗೆ ಬೇರೆ ಬೇರೆ ಕಸುಬಿನವರು ಒಂದೆಡೆ ಸೇರುವುದು ಆಕಸ್ಮಿಕವಲ್ಲ. 1905ರ ಫೆಬ್ರುವರಿ 23ರಂದು ಷಿಕಾಗೊದಲ್ಲಿ ವಕೀಲ ಪಾಲ್ ಹ್ಯಾರಿಸ್ ಮೂವರು ಪರಿಚಿತರೊಂದಿಗೆ ಕೂತು ರೋಟರಿಯನ್ನು ಶುರುಮಾಡಿದಾಗ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದರು. ಒಂದು ಕಸುಬಿಗೆ ಒಬ್ಬರೇ ಸದಸ್ಯ ಎಂಬ ಕಟ್ಟುಪಾಡು ಬಹುಬೇಗ ಬಂತು. ಕಟ್ಟುಪಾಡು ಈಗ ಸಡಿಲಾಗಿದೆ, ಆದರೆ ಅದರ ಗುರುತು ಉಳಿದಿದೆ: ಇವತ್ತಿಗೂ ಸಣ್ಣ ಊರಿನ ಕ್ಲಬ್ ಎಂದರೆ ಆ ಊರಿನ ದುಡಿಮೆಗಳ ಒಂದು ಕೈಪಿಡಿ.

ನಮ್ಮಲ್ಲಿ ಬಡ ಹುಡುಗರ ಓದಿಗೆ ಊರು ಹೆಗಲು ಕೊಡುವ ರೂಢಿ ಕ್ಲಬ್ಬುಗಳಿಗಿಂತ ಹಳೆಯದು. ವಾರಾನ್ನ ಉಂಡು ಓದಿದವರ ಒಂದು ತಲೆಮಾರೇ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದೊಂದು ಸಮುದಾಯವೂ ತನ್ನ ಸಂಘ, ವಿದ್ಯಾರ್ಥಿ ನಿಲಯಗಳನ್ನು ಕಟ್ಟಿಕೊಂಡಿತು. ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಮಠಗಳು ಅನ್ನ, ಆಸರೆ ಎರಡನ್ನೂ ಕೊಟ್ಟವು. ಇವುಗಳ ಋಣ ದೊಡ್ಡದು. ಆದರೆ ವಾರಾನ್ನದ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ, ಸಂಘದ ಹಾಸ್ಟೆಲ್ಲಿಗೆ ಸೇರಲು ಜಾತಿ ಕೇಳುತ್ತಿದ್ದರು. 1934ರಲ್ಲಿ ರೋಟರಿ ಬೆಂಗಳೂರಿಗೆ ಬಂದಾಗ ಅದು ದೊಡ್ಡವರ ಊಟದ ಕೂಟವಾಗಿತ್ತು ಎಂಬುದು ನಿಜವೇ. ಆದರೂ ಅಲ್ಲಿ ಜನ ಸೇರುತ್ತಿದ್ದುದು ಕಸುಬಿನ ಮೇಲೆ, ಕುಲದ ಮೇಲಲ್ಲ. 1956ರಲ್ಲಿ ಬೊಂಬಾಯಿಯ ಮೂಲಕ ಲಯನ್ಸ್ ದೇಶದೊಳಗೆ ಕಾಲಿಟ್ಟಿತು. ಮುಂದೆ ಇವೆರಡೂ ತಾಲ್ಲೂಕುಗಳಿಗೆ ಇಳಿದು ಬಂದವು.

ಪ್ರೌಢಶಾಲೆಯ ಮಕ್ಕಳ ಜೊತೆ ಕ್ಲಬ್ಬುಗಳ ನಂಟು ಶುರುವಾದ ಬಗೆ ತಿಳಿದರೆ ನಾನು ಹೇಳಹೊರಟಿರುವುದು ಸ್ಪಷ್ಟವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾಕ್ರಮೆಂಟೊ ಹೈಸ್ಕೂಲಿನಲ್ಲಿ 1925ರಲ್ಲಿ ಕಿವಾನಿಸ್ ಎಂಬ ಸೇವಾ ಕ್ಲಬ್ಬಿನವರು ಹನ್ನೊಂದು ಹುಡುಗರನ್ನು ಸೇರಿಸಿ ಕೀ ಕ್ಲಬ್ ಕಟ್ಟಿದರು. ಆಗ ಅಲ್ಲಿನ ಹೈಸ್ಕೂಲುಗಳಲ್ಲಿ ಹುಡುಗರ ಗುಟ್ಟಿನ ಕೂಟಗಳ ಹಾವಳಿಯಿತ್ತು. ಅದಕ್ಕೆ ಬದಲಿಯಾಗಿ ಹುಟ್ಟಿದ್ದು ಇದು. ಹುಡುಗರು ಮಧ್ಯಾಹ್ನದ ಊಟಕ್ಕೆ ಸೇರುತ್ತಿದ್ದರು, ಊರಿನ ಕಸುಬುದಾರರು ಬಂದು ತಮ್ಮ ಕೆಲಸ ಎಂಥದು, ಅದಕ್ಕೆ ಏನು ಓದಿರಬೇಕು, ಅದರಲ್ಲಿ ಏನು ಕಷ್ಟ ಎಂದು ಹೇಳುತ್ತಿದ್ದರು. ಅಲ್ಲಿ ಮುಖ್ಯವಾಗಿದ್ದದ್ದು ದೊಡ್ಡವರು ತಮ್ಮ ಬದುಕಿನ ಬಗ್ಗೆ ಆಡಿದ ಮಾತು. ದಾನ, ವಿತರಣೆ ಯಾವುದೂ ಅಲ್ಲ.

ಲಯನ್ಸ್‌ನ ಲಿಯೊ ಕ್ಲಬ್ 1957ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಆಬಿಂಗ್ಟನ್ ಹೈಸ್ಕೂಲಿನಲ್ಲಿ ಶುರುವಾಯಿತು. ಅದರ ಹಿಂದೆ ಇದ್ದವರು ಆ ಶಾಲೆಯ ಬೇಸ್‌ಬಾಲ್ ತರಬೇತುದಾರರು. ಆ ಶಾಲೆಯ ಬಣ್ಣಗಳಾದ ಕಡುಗೆಂಪು ಮತ್ತು ಹೊಂಬಣ್ಣವೇ ಲಿಯೊ ಕ್ಲಬ್ಬುಗಳ ಬಣ್ಣವಾಗಿ ಉಳಿದಿವೆ. ರೋಟರಿಯ ಇಂಟರ್ಯಾಕ್ಟ್ ಕ್ಲಬ್ 1962ರ ನವೆಂಬರ್ 5ರಂದು ಫ್ಲಾರಿಡಾದ ಮೆಲ್ಬರ್ನ್ ಹೈಸ್ಕೂಲಿನಲ್ಲಿ 23 ವಿದ್ಯಾರ್ಥಿಗಳೊಂದಿಗೆ ಹುಟ್ಟಿತು. ಆ ವರ್ಷ ಅಂತರರಾಷ್ಟ್ರೀಯ ರೋಟರಿಯ ಅಧ್ಯಕ್ಷರಾಗಿದ್ದವರು ಕಲ್ಕತ್ತದ ನಿತೀಶ್ ಲಾಹಿರಿ, ಆ ಸ್ಥಾನಕ್ಕೇರಿದ ಮೊದಲ ಏಷ್ಯನ್. ಇಂಟರ್ಯಾಕ್ಟ್ ಹನ್ನೆರಡರಿಂದ ಹದಿನೆಂಟು ವರ್ಷದವರಿಗೆ. ವರ್ಷಕ್ಕೆ ಕನಿಷ್ಠ ಎರಡು ಕೆಲಸ ಮಾಡಬೇಕು: ಒಂದು ಶಾಲೆಗೋ ಊರಿಗೋ ಉಪಯೋಗವಾಗುವಂಥದು, ಇನ್ನೊಂದು ಬೇರೆ ದೇಶಗಳ ಜನರನ್ನು ಅರಿಯಲು ನೆರವಾಗುವಂಥದು.

ಕಾಗದದ ಮೇಲೆ ಇಷ್ಟು. ಶಾಲೆಯಲ್ಲಿ ಏನಾಗುತ್ತದೆ ಎಂಬುದು ಉಸ್ತುವಾರಿ ಹೊತ್ತ ಶಿಕ್ಷಕರನ್ನೂ, ಕ್ಲಬ್ಬಿನಿಂದ ಶಾಲೆಗೆ ಬರುವ ಒಬ್ಬಿಬ್ಬರು ಸದಸ್ಯರನ್ನೂ ಅವಲಂಬಿಸಿದೆ. ಕೆಲವೆಡೆ ಇಂಟರ್ಯಾಕ್ಟ್ ಎಂದರೆ ಪದಗ್ರಹಣದ ದಿನ ಬ್ಯಾಡ್ಜ್ ಹಾಕಿಸಿಕೊಂಡು, ಅಕ್ಟೋಬರ್ 2ಕ್ಕೆ ಪೊರಕೆ ಹಿಡಿಯುವುದು, ಅಷ್ಟೇ. ಕೆಲವೆಡೆ ನಿಜವಾಗಿ ಏನೋ ನಡೆಯುತ್ತದೆ. ಒಂಬತ್ತನೇ ತರಗತಿಯ ಹುಡುಗಿ ಕಾರ್ಯದರ್ಶಿಯಾಗಿ ಸಭೆಯ ನಡಾವಳಿ ಬರೆಯುತ್ತಾಳೆ, ಖಜಾಂಚಿ ಹುಡುಗ ನೂರಿಪ್ಪತ್ತು ರೂಪಾಯಿಯ ಲೆಕ್ಕ ಒಪ್ಪಿಸಲು ಚಡಪಡಿಸುತ್ತಾನೆ, ವಂದನಾರ್ಪಣೆಗೆಂದು ನಿಂತವಳು ಮೊದಲ ಸಲ ನಡುಗಿ ಮೂರನೇ ಸಲಕ್ಕೆ ಚೀಟಿಯಿಲ್ಲದೆ ಮಾತಾಡುತ್ತಾಳೆ. ನಾನು ಕಂಡ ಮಟ್ಟಿಗೆ ಈ ಅವಕಾಶ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ ಸಿಕ್ಕಷ್ಟು ಸರ್ಕಾರಿ ಪ್ರೌಢಶಾಲೆಗಳಿಗೆ ಸಿಕ್ಕಿಲ್ಲ. ಅಲ್ಲಿಗೆ ಇಂಟರ್ಯಾಕ್ಟ್ ಹೋಗುತ್ತದೆ, ಇಲ್ಲಿಗೆ ನೋಟ್‌ಬುಕ್ ಬರುತ್ತದೆ. ಒಂದು ಕಡೆಯ ಮಕ್ಕಳು ಕೊಡುವವರಾಗಿ, ಇನ್ನೊಂದು ಕಡೆಯವರು ಪಡೆಯುವವರಾಗಿ ಹದಿಮೂರನೇ ವರ್ಷಕ್ಕೇ ಬೇರೆ ಬೇರೆ ಸಾಲಿನಲ್ಲಿ ನಿಲ್ಲುತ್ತಾರೆ. ಇದನ್ನು ಕ್ಲಬ್ಬಿನವರು ಬೇಕೆಂದು ಮಾಡಿದ್ದಲ್ಲ. ಖಾಸಗಿ ಶಾಲೆಯ ಆಡಳಿತ ಮಂಡಳಿಯವರು ಕ್ಲಬ್ಬಿನಲ್ಲೇ ಇರುತ್ತಾರೆ, ಒಂದು ಫೋನಿನಲ್ಲಿ ಕೆಲಸ ಆಗುತ್ತದೆ, ಅಷ್ಟೇ ಕಾರಣ.

ಲಯನ್ಸ್‌ನವರ ಕಣ್ಣಿನ ಕೆಲಸದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1925ರಲ್ಲಿ ಒಹಾಯೊ ರಾಜ್ಯದಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಹೆಲೆನ್ ಕೆಲ್ಲರ್ ಬಂದು, ಅಂಧತ್ವದ ವಿರುದ್ಧ ಹೋರಾಟಕ್ಕೆ ಇಳಿಯಿರಿ ಎಂದು ಕೇಳಿಕೊಂಡರು. ಅಂದಿನಿಂದ ಕಣ್ಣು ಆ ಸಂಸ್ಥೆಯ ಮುಖ್ಯ ಕಸುಬಾಯಿತು. ನಮ್ಮೂರುಗಳಲ್ಲಿ ಅದು ಹೆಚ್ಚಾಗಿ ಅಜ್ಜ ಅಜ್ಜಿಯರ ಪೊರೆ ಶಸ್ತ್ರಚಿಕಿತ್ಸೆಯ ಶಿಬಿರವಾಗಿ ಕಾಣಿಸುತ್ತದೆ. ಆದರೆ ಪ್ರೌಢಶಾಲೆಗೆ ಬೇಕಾದ್ದು ಇನ್ನೊಂದು. ಸಮೀಪದೃಷ್ಟಿ ಹೆಚ್ಚಾಗಿ ಶಾಲೆಯ ವಯಸ್ಸಿನಲ್ಲೇ ಶುರುವಾಗಿ ಹದಿಹರೆಯದಲ್ಲಿ ಏರುತ್ತಾ ಹೋಗುತ್ತದೆ. ನಿಧಾನವಾಗಿ ಮಸುಕಾಗುವುದರಿಂದ ಮಗುವಿಗೇ ಅದು ತಿಳಿಯುವುದಿಲ್ಲ. ಎಲ್ಲರಿಗೂ ಕಪ್ಪುಹಲಗೆ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಪಕ್ಕದವನ ಪುಸ್ತಕ ನೋಡಿ ಬರೆಯುವವನನ್ನು ಮೇಷ್ಟ್ರು ನಕಲು ಹೊಡೆಯುವವನು ಎಂದುಕೊಳ್ಳುತ್ತಾರೆ. ಗಣಿತದಲ್ಲಿ ಹಿಂದೆ ಬಿದ್ದವರ ಪಟ್ಟಿಯಲ್ಲಿ ಅವನ ಹೆಸರು ಸೇರುತ್ತದೆ, ವಿಶೇಷ ತರಗತಿಗೆ ಕೂರಿಸುತ್ತಾರೆ, ಅಲ್ಲೂ ಅವನು ಕೊನೆಯ ಬೆಂಚೇ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 2013ರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ಸರ್ಕಾರಿ ತಂಡಗಳಿವೆ. ತಂಡ ದೋಷ ಗುರುತಿಸಿ ಚೀಟಿ ಬರೆದುಕೊಡುತ್ತದೆ. ಚೀಟಿ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಲು ಅಪ್ಪ ಒಂದು ದಿನದ ಕೂಲಿ ಬಿಡಬೇಕು, ಆ ದಿನ ಕಣ್ಣಿನವರು ಇರಬೇಕು, ಕನ್ನಡಕ ಬಂದಾಗ ಮತ್ತೊಂದು ದಿನ. ಚೀಟಿ ಬ್ಯಾಗಿನಲ್ಲೇ ಉಳಿಯುತ್ತದೆ. ಕ್ಲಬ್ ಕೈಹಾಕಬೇಕಾದ್ದು ಇಲ್ಲಿಯೇ. ಸದಸ್ಯರಲ್ಲಿ ಒಬ್ಬರು ಕನ್ನಡಕದ ಅಂಗಡಿಯವರಿದ್ದರೆ ಅವರು ಶಾಲೆಗೇ ಬಂದು ಅಳತೆ ತೆಗೆದು, ವಾರದೊಳಗೆ ಕನ್ನಡಕ ತಂದು ಮುಟ್ಟಿಸಬಹುದು. ಅದರ ಮರುವರ್ಷ ಮತ್ತೆ ನೋಡಬೇಕು, ಏಕೆಂದರೆ ಈ ವಯಸ್ಸಿನಲ್ಲಿ ನಂಬರು ಬದಲಾಗುತ್ತದೆ. ಇನ್ನೂ ಒಂದಿದೆ. ಹುಡುಗಿಯರಲ್ಲಿ ಹಲವರು ಕನ್ನಡಕ ತೆಗೆದುಕೊಂಡು ಹೋಗಿ ಪೆಟ್ಟಿಗೆಯಲ್ಲಿಡುತ್ತಾರೆ. ಕನ್ನಡಕದ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂಬ ಮಾತು ಮನೆಯಲ್ಲಿ ಇನ್ನೂ ಸತ್ತಿಲ್ಲ. ಕನ್ನಡಕ ಹಾಕಿದ ಡಾಕ್ಟರಮ್ಮ ಒಬ್ಬರು ಶಾಲೆಗೆ ಬಂದು ಅರ್ಧ ಗಂಟೆ ಮಾತಾಡಿದರೆ ಆಗುವ ಕೆಲಸ ಹತ್ತು ಸುತ್ತೋಲೆಗಳಿಂದ ಆಗದು.

ಡಾಕ್ಟರಮ್ಮ ಎಂದಾಗ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. ಈ ಕ್ಲಬ್ಬುಗಳು ಬಹುಕಾಲ ಗಂಡಸರ ಕೂಟಗಳೇ ಆಗಿದ್ದವು. ಕ್ಯಾಲಿಫೋರ್ನಿಯಾದ ಡುಆರ್ಟೆ ಎಂಬ ಊರಿನ ರೋಟರಿ ಕ್ಲಬ್ ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಮಾನ್ಯತೆಯನ್ನೇ ಕಳೆದುಕೊಂಡು, ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1987ರಲ್ಲಿ ತೀರ್ಪು ಮಹಿಳೆಯರ ಪರ ಬಂತು, 1989ರಲ್ಲಿ ರೋಟರಿ ತನ್ನ ನಿಯಮವನ್ನೇ ತಿದ್ದಿತು. ಅದಕ್ಕೂ ಮೊದಲು, 1924ರಲ್ಲೇ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೊಟೇರಿಯನ್ನರ ಮನೆಯ ಹೆಂಗಸರು ತಮ್ಮದೇ ಇನ್ನರ್ ವೀಲ್ ಕಟ್ಟಿಕೊಂಡಿದ್ದರು. ನಮ್ಮ ಪ್ರೌಢಶಾಲೆಗಳ ಮಟ್ಟಿಗೆ ಇದು ಬರೀ ಇತಿಹಾಸವಲ್ಲ. ಮುಟ್ಟಿನ ದಿನಗಳಲ್ಲಿ ಹುಡುಗಿಯರು ಶಾಲೆ ತಪ್ಪಿಸುವುದಕ್ಕೆ ಪ್ಯಾಡ್ ಇಲ್ಲದಿರುವುದು ಒಂದು ಕಾರಣವಾದರೆ, ನೀರಿಲ್ಲದ ಶೌಚಾಲಯ, ಚಿಲಕವಿಲ್ಲದ ಬಾಗಿಲು ಇನ್ನೊಂದು. ಕ್ಲಬ್ಬುಗಳು ದಾನ ಕೊಟ್ಟ ಪ್ಯಾಡ್ ಯಂತ್ರಗಳು ನಾಣ್ಯ ಸಿಕ್ಕಿಕೊಂಡ ಮೇಲೆ ಗೋಡೆಗೆ ಅಲಂಕಾರವಾಗಿ ಉಳಿದಿರುವುದನ್ನು ಕಾಣುತ್ತೇವೆ. ಅದಕ್ಕಿಂತ ತಿಂಗಳಿಗೊಮ್ಮೆ ಬಂದು, ಗಂಡು ಮೇಷ್ಟ್ರುಗಳನ್ನು ಹೊರಗೆ ಕಳಿಸಿ, ಹುಡುಗಿಯರ ಪಕ್ಕ ಬೆಂಚಿನ ಮೇಲೆ ಕೂತು ಮಾತಾಡುವ ಇಬ್ಬರು ಇನ್ನರ್ ವೀಲ್ ಸದಸ್ಯೆಯರು ಹೆಚ್ಚು ಪ್ರಯೋಜನಕ್ಕೆ ಬರುತ್ತಾರೆ. ಪ್ಯಾಡು ಮುಗಿದದ್ದು, ಚಿಲಕ ಮುರಿದದ್ದು ಎರಡೂ ಅವರಿಗೆ ಗೊತ್ತಾಗುತ್ತದೆ.

ದುಡ್ಡಿನ ದಾರಿಯನ್ನೂ ಚುಟುಕಾಗಿ ಹೇಳಿಬಿಡುತ್ತೇನೆ. ರೋಟರಿ ಫೌಂಡೇಷನ್ನಿಗೆ ಸದಸ್ಯರು ಕೊಟ್ಟ ವಾರ್ಷಿಕ ದೇಣಿಗೆಯನ್ನು ಮೂರು ವರ್ಷ ಹೂಡಿಕೆಯಲ್ಲಿಟ್ಟು, ಆಮೇಲೆ ಅದರ ಒಂದು ಭಾಗವನ್ನು ಆಯಾ ರೋಟರಿ ಜಿಲ್ಲೆಗೆ ಮರಳಿಸುತ್ತಾರೆ. (ಈ ಜಿಲ್ಲೆ ಕಂದಾಯ ಜಿಲ್ಲೆಯಲ್ಲ. ಅದರ ಮುಖ್ಯಸ್ಥರನ್ನು ಗವರ್ನರ್ ಎನ್ನುತ್ತಾರೆ. ರಾಜ್ಯಪಾಲರೇ ಬಂದರೆಂದು ಮಕ್ಕಳು ಅಂದುಕೊಂಡರೆ ಅವರ ತಪ್ಪೇನಿಲ್ಲ.) ಸಣ್ಣ ಕೆಲಸಗಳಿಗೆ ಜಿಲ್ಲಾ ಅನುದಾನ. ದೊಡ್ಡದಕ್ಕೆ ಜಾಗತಿಕ ಅನುದಾನ, ಅದಕ್ಕೆ ಯೋಜನೆಯ ಮೊತ್ತ ಕನಿಷ್ಠ 30,000 ಡಾಲರ್ ಇರಬೇಕು, ಬೇರೊಂದು ದೇಶದ ರೋಟರಿಯವರು ಪಾಲುದಾರರಾಗಬೇಕು. ಹಲವು ಶಾಲೆಗಳಿಗೆ ಒಟ್ಟಿಗೆ ಶೌಚಾಲಯ, ವಿಜ್ಞಾನ ಪ್ರಯೋಗಾಲಯ ಎಂದು ಹೊರಟಾಗ ಈ ದಾರಿ ಒದಗುತ್ತದೆ. 2014ರಿಂದ ಕಂಪನಿಗಳ ಸಿಎಸ್‌ಆರ್ ಹಣವೂ ಸೇರಿಕೊಂಡಿದೆ. ಇಷ್ಟೆಲ್ಲ ಇದ್ದರೂ ಜಾಗತಿಕ ಅನುದಾನದ ವಿದ್ಯಾರ್ಥಿವೇತನ ಸಿಗುವುದು ಸ್ನಾತಕೋತ್ತರ ಓದಿಗೆ ಮಾತ್ರ. ಹತ್ತನೇ ತರಗತಿಯ ಹುಡುಗಿಯ ಬಸ್ ಪಾಸಿಗೆ ಊರಿನ ಕ್ಲಬ್ ತನ್ನ ಜೇಬನ್ನೇ ನೋಡಿಕೊಳ್ಳಬೇಕು.

ಇನ್ನು ಮೇ ತಿಂಗಳಿಗೆ ಬರೋಣ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ಹಿಡಿದು ಮುಂದಿನ ಆರೇಳು ವಾರ ಪ್ರೌಢಶಾಲೆಯ ವಿದ್ಯಾರ್ಥಿಯ ಬದುಕಿನಲ್ಲಿ ಅತಿ ಮುಖ್ಯವಾದ ಕಾಲ, ಅತಿ ಒಂಟಿಯಾದ ಕಾಲವೂ ಹೌದು. ಶಾಲೆಗೆ ರಜೆ, ಮೇಷ್ಟ್ರುಗಳು ಅವರವರ ಊರಿನಲ್ಲಿ. ಮನೆಯಲ್ಲಿ ಹತ್ತು ದಾಟಿದ ಮೊದಲಿಗನೇ ಇವನು. ನಿರೀಕ್ಷಿಸಿದ್ದಕ್ಕಿಂತ ಅಂಕ ಕಡಿಮೆ ಬಂದರೆ ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ, ಆಮೇಲೆ ಮರುಮೌಲ್ಯಮಾಪನಕ್ಕೆ ಅರ್ಜಿ. ಎರಡಕ್ಕೂ ಶುಲ್ಕ, ಎರಡಕ್ಕೂ ಕೆಲವೇ ದಿನಗಳ ಗಡುವು. ಒಂದು ವಿಷಯದಲ್ಲಿ ಹೋದರೆ 2024ರಿಂದ ಬಂದಿರುವ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿಯಲ್ಲಿ ಎರಡನೆಯದಕ್ಕೆ ಕೆಲವೇ ವಾರದಲ್ಲಿ ಕೂರಬಹುದು. ಪಾಸಾದರೆ ಪಿಯುಸಿಯೋ, ಐಟಿಐಯೋ, ಡಿಪ್ಲೊಮಾವೋ, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಕೋರ್ಸೋ; ಎಲ್ಲದರ ಅರ್ಜಿಗೂ ಒಂದೊಂದು ಕೊನೆಯ ದಿನಾಂಕ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿ, ಅದಕ್ಕೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಆಧಾರಿನಲ್ಲಿ ಹೆಸರು ಅಂಕಪಟ್ಟಿಯಲ್ಲಿರುವಂತೆ ಇಲ್ಲದಿದ್ದರೆ ಮತ್ತೆ ಓಡಾಟ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ದುಡ್ಡು ಬೇಡ. ಬೇಕಾದದ್ದು ದಾರಿ ಬಲ್ಲ ಒಬ್ಬ ಮನುಷ್ಯ. ಸದಸ್ಯರ ಪಟ್ಟಿಯಲ್ಲಿ ಅಂಥವರೇ ತುಂಬಿದ್ದಾರೆ: ಬ್ಯಾಂಕಿನವರು, ವಕೀಲರು, ಕಾಲೇಜಿನವರು. ಆದರೆ ಮೇ ಎಂದರೆ ಮದುವೆಗಳ ಕಾಲ, ಹಾಲಿ ಅಧ್ಯಕ್ಷರು ವರ್ಷದ ವರದಿ ಬರೆಯುತ್ತಾ ಪ್ರಶಸ್ತಿಗಳ ಲೆಕ್ಕದಲ್ಲಿರುತ್ತಾರೆ, ನಿಯೋಜಿತ ಅಧ್ಯಕ್ಷರು ಪದಗ್ರಹಣಕ್ಕೆ ಮುಖ್ಯ ಅತಿಥಿಯನ್ನು ಹುಡುಕುತ್ತಿರುತ್ತಾರೆ. ಆ ವಾರಗಳಲ್ಲಿ ಕ್ಲಬ್ಬಿನಲ್ಲಿ ಯಾರೂ ಇರುವುದಿಲ್ಲ. ಇದ್ದರೂ ನಡೆಯುವುದು ಪ್ರತಿಭಾ ಪುರಸ್ಕಾರ. 625ಕ್ಕೆ 610 ತೆಗೆದವರಿಗೆ ಶಾಲು, ಹಾರ, ಫಲಕ. ಗೆದ್ದವರನ್ನು ಸನ್ಮಾನಿಸುವುದು ತಪ್ಪೆಂದಲ್ಲ. ಆ ಮಗುವಿಗೆ ಅಷ್ಟರಲ್ಲಿ ಊರೆಲ್ಲ ಸನ್ಮಾನವಾಗಿರುತ್ತದೆ. ಗಣಿತ ಒಂದರಲ್ಲಿ ಹೋಗಿ, ಎರಡನೇ ಪರೀಕ್ಷೆಗೆ ಕೂರಬೇಕೋ ಗಾರೆ ಕೆಲಸಕ್ಕೆ ಹೋಗಬೇಕೋ ಎಂದು ಮನೆಯ ಜಗಲಿಯಲ್ಲಿ ಕೂತಿರುವವನ ಹೆಸರು ಯಾವ ಆಹ್ವಾನ ಪತ್ರಿಕೆಯಲ್ಲೂ ಇರುವುದಿಲ್ಲ.

ಸ್ಯಾಕ್ರಮೆಂಟೊದ ಊಟದ ಕೂಟ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಸರ್ಕಾರಿ ಪ್ರೌಢಶಾಲೆಯ ಒಂದು ತರಗತಿಯಲ್ಲಿ ಮುಂದೇನಾಗುತ್ತೀರಿ ಎಂದು ಕೇಳಿ ನೋಡಿ. ಪೊಲೀಸು, ಟೀಚರು, ಡಾಕ್ಟರು, ಮಿಲಿಟರಿ. ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ಅವರು ಹತ್ತಿರದಿಂದ ಕಂಡಿರುವುದು ಅಷ್ಟನ್ನೇ. ಸರ್ವೇಯರ್, ರೇಡಿಯಾಲಜಿ ಟೆಕ್ನಿಷಿಯನ್, ಟೂಲ್ ಅಂಡ್ ಡೈ ಮೇಕರ್, ಬೀಜ ಪರೀಕ್ಷಕ ಎಂಬವರೂ ಇದ್ದಾರೆ, ಅವರೂ ಹತ್ತನೇ ತರಗತಿಯ ಬಳಿಕ ಇಂಥ ದಾರಿ ಹಿಡಿದೇ ಹೋದವರು ಎಂದು ಯಾರು ಹೇಳಬೇಕು? ಒಂದು ಶನಿವಾರ ಎಂಟು ಹುಡುಗಿಯರನ್ನು ಪ್ರಿಂಟಿಂಗ್ ಪ್ರೆಸ್ಸಿಗೆ ಕರೆದುಕೊಂಡು ಹೋಗಿ ಆಫ್‌ಸೆಟ್ ಯಂತ್ರ ಓಡಿಸಿ ತೋರಿಸಿದರೆ ಖರ್ಚಾಗುವುದು ಎಂಟು ಲೋಟ ಚಹಾ. ಮುಂದಿನ ಶನಿವಾರ ಲ್ಯಾಬು, ಅದರ ಮುಂದಿನದು ಆಡಿಟರ ಕಚೇರಿ. ಅಂಥ ಭೇಟಿಯ ನಂತರ ಮೇ ತಿಂಗಳಲ್ಲಿ ಆ ಹುಡುಗಿ ಫೋನ್ ಮಾಡಲು ಒಂದು ನಂಬರಾದರೂ ಇರುತ್ತದೆ. ಮಕ್ಕಳನ್ನು ಶಾಲೆಯ ಹೊರಗೆ ಕರೆದೊಯ್ಯುವಾಗ ಪೋಷಕರ ಒಪ್ಪಿಗೆ ಮತ್ತು ಜೊತೆಗೊಬ್ಬ ಶಿಕ್ಷಕಿ ಇರಲೇಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ವರ್ಷಕ್ಕೊಬ್ಬ ಅಧ್ಯಕ್ಷ ಎಂಬ ಪದ್ಧತಿಯಿಂದ ಕ್ಲಬ್ಬುಗಳಿಗೆ ಲಾಭವೂ ಇದೆ. ಯಾರೂ ಕುರ್ಚಿಗೆ ಅಂಟಿಕೊಳ್ಳುವುದಿಲ್ಲ, ಎಲ್ಲರಿಗೂ ಒಂದು ಸರದಿ. ಆದರೆ ಹಿಂದಿನವರ ಯೋಜನೆಯನ್ನು ಮುಂದುವರಿಸಿದರೆ ತನ್ನ ಹೆಸರೆಲ್ಲಿ ಉಳಿಯಿತು ಎಂಬ ಲೆಕ್ಕ ಹೊಸಬರದು. ಹೀಗಾಗಿ ಎಂಟನೇ ತರಗತಿಯಲ್ಲಿ ಕ್ಲಬ್ ದತ್ತು ತೆಗೆದುಕೊಂಡ ಮಕ್ಕಳು ಹತ್ತಕ್ಕೆ ಬರುವಷ್ಟರಲ್ಲಿ ಮೂವರು ಅಧ್ಯಕ್ಷರನ್ನು ಕಂಡಿರುತ್ತಾರೆ, ಮೂರನೆಯವರಿಗೆ ಇವರ ಹೆಸರೂ ಗೊತ್ತಿರುವುದಿಲ್ಲ. ಇದಕ್ಕೆ ಮದ್ದು ಸರಳ. ಶಾಲೆಯ ಕೆಲಸಕ್ಕೆ ಮೂರು ವರ್ಷ ಬದಲಾಗದ ಇಬ್ಬರು ಸದಸ್ಯರನ್ನು ಗೊತ್ತುಮಾಡುವುದು, ಅವರ ಫೋನ್ ನಂಬರನ್ನು ಹೆಡ್‌ಮಾಸ್ಟರ ಕೋಣೆಯಲ್ಲಿ ಬರೆದು ಹಾಕುವುದು.

ಕ್ಲಬ್ಬಿನ ಪಂಚಾಂಗಕ್ಕೆ ತಾನಾಗಿ ಹೊಂದುವ ಕೆಲಸವೂ ಒಂದಿದೆ, ಎನ್‌ಎಂಎಂಎಸ್ ಪರೀಕ್ಷೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ಕೇಂದ್ರ ಸರ್ಕಾರ 2008ರಿಂದ ನಡೆಸುತ್ತಿರುವ ವಿದ್ಯಾರ್ಥಿವೇತನ ಇದು. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಿರಬಾರದು. ಎರಡು ಪತ್ರಿಕೆ: ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯ ವಿಷಯಗಳದ್ದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಪಠ್ಯದ ಪತ್ರಿಕೆಯನ್ನು ಮೇಷ್ಟ್ರುಗಳು ನೋಡಿಕೊಳ್ಳುತ್ತಾರೆ. ಸಂಖ್ಯಾಸರಣಿ, ಆಕೃತಿಗಳು, ಸಂಕೇತಗಳ ಮಾನಸಿಕ ಸಾಮರ್ಥ್ಯದ ಪತ್ರಿಕೆ ಮಾತ್ರ ತರಗತಿಯಲ್ಲಿ ಕಲಿಸುವಂಥದಲ್ಲ. ವಾರಕ್ಕೆರಡು ಸಂಜೆ ಯಾರಾದರೂ ಕೂತು ಅಭ್ಯಾಸ ಮಾಡಿಸಬೇಕು. ಜುಲೈನಲ್ಲಿ ಕಾಲರ್ ತೊಟ್ಟವರು ಆಗಸ್ಟಿನಲ್ಲಿ ಶುರುಮಾಡಿದರೆ ಅಭ್ಯಾಸ, ಅರ್ಜಿ, ಪರೀಕ್ಷೆ ಮೂರೂ ಅವರ ಅವಧಿಯೊಳಗೇ ಮುಗಿಯುತ್ತವೆ. ಒಂದು ಶಾಲೆಯಿಂದ ಹತ್ತು ಮಕ್ಕಳು ಆಯ್ಕೆಯಾದರೆ ಆ ಮನೆಗಳಿಗೆ ಒಟ್ಟು 4,80,000 ರೂಪಾಯಿ, ಮುಖಪುಟದ ಮೇಲೆ ಯಾರ ಫೋಟೊವೂ ಇಲ್ಲದೆ.

ಆದರೆ ಆ ಹಣ ಪ್ರತಿ ವರ್ಷ ತಾನಾಗಿ ಬರುವುದಿಲ್ಲ. ಮಗು ತೇರ್ಗಡೆಯಾಗುತ್ತಾ ಹೋಗಬೇಕು, ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ವರ್ಷ ವರ್ಷವೂ ನವೀಕರಣದ ಅರ್ಜಿ ಹಾಕಬೇಕು. ಹತ್ತು ಮುಗಿಸಿ ಪಿಯು ಕಾಲೇಜು ಸೇರಿದಾಗ ಹಳೆಯ ಹೆಡ್‌ಮಾಸ್ಟರಿಗೆ ಆ ಹೊಣೆ ಇಲ್ಲ, ಹೊಸ ಪ್ರಾಂಶುಪಾಲರಿಗೆ ಆ ಮಗುವಿನ ಪರಿಚಯವಿಲ್ಲ. ಅರ್ಜಿಯ ಗಡುವು ಬಂತೆಂದು ಆ ಮನೆಗೆ ಫೋನ್ ಮಾಡುವವರು ಯಾರು ಎಂಬುದನ್ನು ಕ್ಲಬ್ ಮೊದಲ ವರ್ಷವೇ ಗೊತ್ತುಮಾಡಿಕೊಂಡಿರಬೇಕು, ಆಮೇಲೆ ಎಷ್ಟು ಅಧ್ಯಕ್ಷರು ಬದಲಾದರೂ ಸರಿ.